ಮಣ್ಣಿಗೆ ಹೆಸರಿಟ್ಟವನು

“ಗುರುಗಳೇ, ಯಾರು ಗಟ್ಟಿ, ಯಾರು ಮೆದು ಎಂದು ತಿಳಿಯುವುದು ಹೇಗೆ?” ಎಂದು ಮಠದ ಶಿಷ್ಯ ಚೆನ್ನಮಲ್ಲ ಕೇಳಿದ.

ಕೇಳಲು ಕಾರಣವಿತ್ತು. ಶ್ರಾವಣವಿಡೀ ಹಗಲು ಬರೀ ನೀರು ಕುಡಿದು, ರಾತ್ರಿ ಒಂದು ಹಿಡಿ ಅವಲಕ್ಕಿಯಲ್ಲಿ ಕಳೆಯುವ ವ್ರತವೊಂದನ್ನು ಅವನು ಊರಿನವರಿಗೆ ಹೇಳಿಕೊಟ್ಟಿದ್ದ. ಜನ ಅಪ್ಪಣೆ ಕೇಳಿಕೊಂಡು ಬಂದಿದ್ದರು. ಮುಖ ನೋಡಿಯೇ ಕೆಲವರಿಗೆ ಹೂಂ ಅಂದಿದ್ದ. ಅವರಲ್ಲಿ ಹಾಲೂಡಿಸುವ ತಾಯಿಯೂ ಒಬ್ಬಳು. ವ್ರತ ನಡೆಸಿಕೊಡುವವನ ಗಂಟಲು ನೆಟ್ಟಗಿರಬೇಕೆಂದು ತನಗೆ ಮಾತ್ರ ಮಠದ ಊಟವನ್ನೇ ಗೊತ್ತುಮಾಡಿಕೊಂಡಿದ್ದ. ಉಳಿದವರನ್ನು ಅಳೆಯಲು ಈಗ ಒಂದು ಸುಲಭದ ಗುರುತು ಬೇಕಾಗಿತ್ತು.

ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮಣ್ಣು ನೋಡುವವನಿದ್ದ. ಬಾವಿಯಾಗಲಿ ತಳಪಾಯವಾಗಲಿ, ತೋಡಿಸುವವರು ಅವನನ್ನು ಕರೆಸುತ್ತಿದ್ದರು. ಅವನು ಒಂದು ಹೆಂಟೆ ಎತ್ತಿ ಹೆಬ್ಬೆರಳಿನಿಂದ ಒತ್ತುತ್ತಿದ್ದ. ನೀರು ಸೋಕಿಸಿ ಬತ್ತಿಯ ಹಾಗೆ ಹೊಸೆಯುತ್ತಿದ್ದ. ಆಮೇಲೆ ಗಟ್ಟಿ, ನಡುವಣ, ಸಡಿಲು ಎಂಬ ಮೂರರಲ್ಲಿ ಒಂದು ಹೆಸರು ಹೇಳುತ್ತಿದ್ದ. ಗಟ್ಟಿಯಾದರೆ ಗುಂಡಿಯ ಬದಿಗೆ ಕೊಂಚ ಓರೆ ಕೊಟ್ಟರೆ ಸಾಕು. ಸಡಿಲಾದರೆ ಬಾಯಿಯನ್ನು ಬಹಳ ಅಗಲ ಮಾಡಿ ಇಳಿಜಾರಾಗಿ ಕಡಿಯಬೇಕು. ಹೆಸರು ತಪ್ಪಿದರೆ ಬದಿ ಕುಸಿಯುತ್ತದೆ, ಒಳಗಿದ್ದವನು ಅಲ್ಲೇ ಉಳಿಯುತ್ತಾನೆ.

ತೋಡುವವರಲ್ಲಿ ಒಂದು ಪದ್ಧತಿಯಿತ್ತು. ಮಣ್ಣಿಗೆ ಹೆಸರಿಟ್ಟವನೇ ಮೊದಲು ಗುಂಡಿಗೆ ಇಳಿಯಬೇಕು. ಕೀರ್ತಿ ಬಂದ ಮೇಲೆ ಇವನಿಗೆ ಅದಕ್ಕೆ ಪುರಸೊತ್ತಿಲ್ಲದಾಯಿತು. ಇಲ್ಲಿ ಹೆಸರಿಟ್ಟು ಮುಂದಿನ ಊರಿಗೆ ಹೊರಡುತ್ತಿದ್ದ. ಬರುಬರುತ್ತಾ ಬೆರಳು ಒತ್ತುವ ಮೊದಲೇ ಬಾಯಿ ಹೆಸರು ಹೇಳಿಬಿಡುತ್ತಿತ್ತು.

ಒಮ್ಮೆ ಒಬ್ಬ ವರ್ತಕ ಹಿತ್ತಲಿನಲ್ಲಿ ಬಾವಿ ತೋಡಿಸುತ್ತಿದ್ದ. ಗುಂಡಿ ಆಗಲೇ ಆಳುದ್ದ ದಾಟಿತ್ತು. ಬಾಯಿ ಅಗಲ ಮಾಡಿದರೆ ಹೊಸದಾಗಿ ಕಟ್ಟಿಸಿದ ಕೊಟ್ಟಿಗೆ ಕೆಡವಬೇಕು. ವರ್ತಕನಿಗೆ ಅದು ಸುತರಾಂ ಬೇಡವಾಗಿತ್ತು. ಮಣ್ಣು ನೋಡುವವನು ಅಂಚಿನಲ್ಲಿ ಬಗ್ಗಿ ಮೇಲಿನ ಹೆಂಟೆಯೊಂದನ್ನು ಒತ್ತಿದ. ಕಲ್ಲಿನಂತಿತ್ತು. “ಗಟ್ಟಿ” ಎಂದು ಚಪ್ಪಲಿ ಮೆಟ್ಟಿಕೊಂಡ.

ತೋಡುವವನೊಬ್ಬ ಏಣಿಯ ಕಡೆಗೆ ಹೊರಟ. ಮಣ್ಣು ಹೊರಲು ಬಂದಿದ್ದ ಅವನ ಹೆಂಡತಿ ಬುಟ್ಟಿ ಕೆಳಗಿಟ್ಟು ಅವನ ತೋಳು ಹಿಡಿದಳು.

“ಅಣ್ಣಾ, ಹೆಸರಿಟ್ಟೋರು ಮೊದಲು ಇಳೀಬೇಕಲ್ವಾ?” ಎಂದಳು.

ಮಣ್ಣು ನೋಡುವವನಿಗೆ ಸಿಟ್ಟು ಬಂತು. ಇಷ್ಟು ವರ್ಷ ದುಡಿದು ಗಳಿಸಿದ ಹೆಸರಿಗೆ ಇವಳಿಗೆ ಸಾಕ್ಷಿ ಬೇಕೇ ಎಂದುಕೊಂಡ. ಆದರೆ ಪದ್ಧತಿ ಪದ್ಧತಿಯೇ. ಚಪ್ಪಲಿ ಕಳಚಿ ಏಣಿಗೆ ಕಾಲಿಟ್ಟ. ಇಟ್ಟ ಕಾಲು ಅಲ್ಲೇ ನಿಂತಿತು. ಇದೇನಿದು, ಕಾಲು ಯಾಕೆ ಒಲ್ಲೆ ಅನ್ನುತ್ತಿದೆ ಎಂದು ಅವನಿಗೇ ಸೋಜಿಗವಾಯಿತು. ಕಾಲಬುಡಕ್ಕೆ ಬಂದಾಗ ಕಣ್ಣು ತಾನಾಗಿ ತೆರೆಯುತ್ತದೆ. ಅಂಚಿನಿಂದ ತುಸು ಹಿಂದೆ ಕೂದಲೆಳೆಯಂಥ ಬಿರುಕು ಕಂಡಿತು. ತೋಡಿ ತೆಗೆದ ಮಣ್ಣಿನ ರಾಶಿ ಬಿರುಕಿನ ಪಕ್ಕದಲ್ಲೇ ಭಾರ ಹಾಕಿ ಕೂತಿತ್ತು. ಅವನು ಮೆಲ್ಲಗೆ ಹಿಂದೆ ಸರಿದು, ಎದುರು ಬದಿಗೆ ಹೋಗಿ, ಉದ್ದನೆಯ ಕೋಲಿನಿಂದ ಆ ಗಟ್ಟಿ ಪದರದ ಕೆಳಗೆ ಚುಚ್ಚಿದ. ಕೋಲು ತಡೆಯಿಲ್ಲದೆ ಒಳಗೆ ಹೋಯಿತು. ಅಲ್ಲಿದ್ದದ್ದು ಮರಳು, ಅದೂ ಜಿನುಗುವ ಮರಳು.

“ಸಡಿಲು. ಎಲ್ಲರೂ ಹಿಂದೆ ಸರಿಯಿರಿ” ಎಂದ.

“ಈಗ ತಾನೇ ಗಟ್ಟಿ ಅಂದೆಯಲ್ಲಯ್ಯ? ಅಷ್ಟರಲ್ಲಿ ಮಣ್ಣು ಬದಲಾಯಿತೇ?” ಎಂದು ವರ್ತಕ ಕೇಳಿದ.

“ಮಣ್ಣು ಬದಲಾಗಲಿಲ್ಲ ಸ್ವಾಮಿ. ಆಗ ಇಳಿಯುವವನು ಅವನಾಗಿದ್ದ, ಈಗ ನಾನಾದೆ.”

ವರ್ತಕ ಇನ್ನೂ ಕೊಟ್ಟಿಗೆಯ ಮಾತಾಡುತ್ತಲೇ ಇದ್ದ. ಅಷ್ಟರಲ್ಲಿ ಆ ಬದಿ ಪೂರ್ತಿ ಜಾರಿ ಏಣಿಯನ್ನು ನುಂಗಿತು. ಹೆಂಗಸು ಗಂಡನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ.

ಕತೆ ಚೆನ್ನಮಲ್ಲನಿಗೆ ಬಹಳ ಹಿಡಿಸಿತು.

“ತಿಳಿಯಿತು ಗುರುಗಳೇ. ಮೇಲಿನ ಪದರಕ್ಕೆ ಮರುಳಾಗಬಾರದು. ನಾಳೆಯೇ ಒಬ್ಬೊಬ್ಬರನ್ನೂ ಕರೆದು ಕೆದಕಿ ನೋಡುತ್ತೇನೆ” ಎಂದು ಹುರುಪಿನಿಂದ ಎದ್ದ.

ಅದೇ ಹೊತ್ತಿಗೆ ಅಡುಗೆಯವನು ಬಾಗಿಲಿಗೆ ಬಂದು, ಊಟಕ್ಕೆ ಎಷ್ಟು ಎಲೆ ಹಾಕಲಿ ಎಂದು ಕೇಳಿದ.

“ಶ್ರಾವಣ ಮುಗಿಯುವವರೆಗೆ ಚೆನ್ನಮಲ್ಲನ ಎಲೆ ಹಾಕಬೇಡಪ್ಪ” ಎಂದರು ಗುರುಗಳು.