ತಡವಾಗಿ ಬಂದ ಭಾರದ ಕಣ

ನೆಲದಾಳದ ಸುರಂಗದಲ್ಲಿ ಪ್ರೋಟಾನುಗಳು ಎದುರುಬದುರಾಗಿ ಓಡಿಬಂದು ಡಿಕ್ಕಿ ಹೊಡೆಯುತ್ತಿದ್ದವು. ಪ್ರತಿ ಡಿಕ್ಕಿಯಲ್ಲಿ ಹುಟ್ಟಿದ ಕಣಗಳು ಸಿಡಿದು, ಯಾವುದರ ದಾಖಲೆ ಉಳಿಸಬೇಕು ಯಾವುದನ್ನು ಅಳಿಸಬೇಕು ಎಂದು ತೀರ್ಮಾನಿಸುವ ಒಂದು ಬಾಗಿಲಿಗೆ ಬರುತ್ತಿದ್ದವು. ಯಾರೂ ಕಂಡಿರದ ಭಾರದ ಕಣವೊಂದು ಸಿಕ್ಕೀತೆಂದು ವಿಜ್ಞಾನಿ ವಾರಿಜಾ ಅರ್ಧ ಆಯುಷ್ಯವನ್ನೇ ಅಲ್ಲಿ ಸವೆಸಿದ್ದಳು. ಬಾಗಿಲಿಗೆ ಅಪ್ಪಣೆ ಕೊಟ್ಟವಳೂ ಅವಳೇ: "ಡಿಕ್ಕಿಯಾದೊಡನೆ ಬಂದವರನ್ನು ಒಳಗೆ ಬಿಡು. ತಡವಾಗಿ ಬಂದದ್ದೆಲ್ಲ ಕಸ, ಅಳಿಸಿಬಿಡು."

ಒಮ್ಮೆ ಹಗುರ ಕಣಗಳೆಲ್ಲ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಬಂದು ಒಳಹೊಕ್ಕವು. ಬಾಗಿಲು ಮುಚ್ಚಿತು. ಆಮೇಲೆ ಇನ್ನೊಂದು ಕಣ ಬಂದು ನಿಂತಿತು.

"ಬಾಗಿಲು ತೆಗೆ. ನಾನೂ ಅದೇ ಡಿಕ್ಕಿಯಲ್ಲಿ ಹುಟ್ಟಿದವನು."

"ನಿನ್ನ ಜೊತೆ ಹುಟ್ಟಿದವರೆಲ್ಲ ಆಗಲೇ ಬಂದಾಯಿತು. ನಿನಗೇಕೆ ತಡ?"

"ಅವರು ಹಗುರ. ನನ್ನ ತೂಕಕ್ಕೆ ಇದೇ ಓಟ. ನಿನ್ನ ಒಡತಿ ಹುಡುಕುತ್ತಿರುವುದು ನನ್ನನ್ನೇ ಇರಬೇಕು, ಒಮ್ಮೆ ಕೇಳಿ ನೋಡು."

"ಅವರು ಹುಡುಕುತ್ತಿರುವವನು ಬಂದರೆ ಹೊತ್ತಿಗೆ ಸರಿಯಾಗಿ ಬರುತ್ತಾನೆ," ಎಂದು ಬಾಗಿಲು ಅದನ್ನು ಅಳಿಸಿಹಾಕಿತು.

ಪ್ರಯೋಗ ಮುಗಿದ ದಿನ ವಾರಿಜಾ ಬಾಗಿಲ ಬಳಿ ಬಂದಳು. ಅವಳ ತಲೆ ಅಷ್ಟರಲ್ಲಿ ಪೂರ್ತಿ ನರೆತಿತ್ತು.

"ಹೊಸಬರು ಯಾರಾದರೂ ಬಂದಿದ್ದರೇ?"

"ಇಲ್ಲ ತಾಯಿ. ಒಳಗಿರುವವರೆಲ್ಲ ನಿಮಗೆ ಗೊತ್ತಿದ್ದವರೇ."

ಅವಳು ಹೊರಡಲು ತಿರುಗಿದಳು. ಏನೋ ಹೊಳೆದಂತಾಗಿ ನಿಂತಳು. ಮತ್ತೆ ಬಾಗಿಲ ಕಡೆ ತಿರುಗಿ ಕೇಳಿದಳು: "ತಡವಾಗಿ ಯಾರಾದರೂ ಬಂದಿದ್ದರೇ?"

"ಅಂಥವರನ್ನು ನೆನಪಿಟ್ಟುಕೊಳ್ಳಲು ನೀವು ಹೇಳಿರಲಿಲ್ಲ," ಎಂದಿತು ಬಾಗಿಲು.