ಕೈ ಮುಗಿಯದ ಭಾಮೈದ

ಎಲ್ಲೋ ಒಂದು ಕಾಲದಲ್ಲಿ, ಯಾವನೋ ಒಬ್ಬ ರಾಜನ ಸೀಮೆಯಲ್ಲಿ, ಕಾಡಂಚಿಗೆ ಕಾಡುಜನರ ಗುಡಿಸಲುಗಳ ಒಂದು ಹಾಡಿ ಇತ್ತಂತೆ. ಅಲ್ಲಿ ಬೊಳ್ಳ ಅಂತ ಒಬ್ಬ ಇದ್ದ. ಬಂಡೆಯ ತುದಿಯಿಂದ ಸೊಂಟಕ್ಕೆ ಬಳ್ಳಿಹಗ್ಗ ಕಟ್ಟಿಕೊಂಡು ಇಳಿದು, ಹೊಗೆ ಹಾಕಿ ಹೆಜ್ಜೇನು ಕೀಳೋದು ಅವನ ಕಸುಬು. ಮೇಲೆ ಹಗ್ಗ ಹಿಡಿಯೋನು ಹೆಂಡತಿಯ ತಮ್ಮನೋ ಅಣ್ಣನೋ ಆಗಿರಬೇಕು ಅನ್ನೋದು ಹಾಡಿಯ ಕಟ್ಟಳೆ. ಕೈ ಜಾರಿದರೆ ಹೋಗೋದು ಒಡಹುಟ್ಟಿದವಳ ತಾಳಿ ನೋಡಿ, ಅಂಥವನು ಹಗ್ಗ ಬಿಟ್ಟಾನೆಯೇ?

ಬೊಳ್ಳನ ಹೆಂಡತಿ ಮುದ್ದಿ, ಅವಳ ತಮ್ಮ ಜೋಗ. ಒಂದಿನ ಜೋಗ ಆಸೆಪಟ್ಟು ಸುಟ್ಟಿಟ್ಟಿದ್ದ ಮೀನನ್ನು ಬೊಳ್ಳನ ನಾಯಿ ತಿಂದುಬಿಡ್ತಂತೆ. ತಪ್ಪಾಯ್ತು ಅನ್ನೋದು ಬಿಟ್ಟು ಬೊಳ್ಳ ಹೊಟ್ಟೆ ಹಿಡಿದುಕೊಂಡು ನಕ್ಕ. ಜೋಗನಿಗೆ ಉರಿದುಹೋಯ್ತು. "ಇನ್ಮ್ಯಾಕೆ ಹಗ್ಗ ಹಿಡಿಯಾಕೂ ಆ ನಾಯಿನೇ ಕರ್ಕೊಂಡೋಗು ಭಾವ" ಅಂತ ಮುಖ ತಿರುಗಿಸಿ ಹೋದನಂತೆ.

ಅದೇ ಹೊತ್ತಿಗೆ ರಾಜನಿಗೆ ಒಂದು ಆಸೆ ಹುಟ್ಟಿತು. ಹೆಜ್ಜೇನು ಕೀಳೋದನ್ನ ಕಣ್ಣಾರೆ ನೋಡಬೇಕಂತೆ! ಅವನಿಗಿಂತ ಮುಂಚೆ ಅವನ ಭಟರು ಬಂದರು. ಒಬ್ಬೊಬ್ಬನ ತೋಳೂ ಒಂದೊಂದು ಒನಕೆ. ಅವರನ್ನು ನೋಡಿ ಬೊಳ್ಳನಿಗೆ ಬಲ ಬಂತು.

"ಇವರೇ ಹಿಡೀಲಿ" ಅಂದ.

ಮುದ್ದಿ ಓಡಿ ಬಂದು ಹಗ್ಗ ಹಿಡಿದುಕೊಂಡಳು. "ಬ್ಯಾಡ ಕಣಯ್ಯೋ. ತಮ್ಮನ ಕಾಲಿಗೆ ಬಿದ್ದಾದ್ರೂ ಕರ್ಕಬತ್ತೀನಿ. ಅಲ್ಲೀಗಂಟ ಇಳೀಬ್ಯಾಡ."

"ಹಗ್ಗ ಹಿಡಿಯಾಕೆ ತೋಳು ಬೇಕು ಕಣೇ, ನೆಂಟಸ್ತನ ಅಲ್ಲ!"

ಮುದ್ದಿ ಸೆರಗು ಸಿಕ್ಕಿಸಿಕೊಂಡು ತಮ್ಮನ ಗುಡಿಸಲಿಗೆ ಓಡಿದಳು. ಇವನು ಹಗ್ಗ ಕಟ್ಟಿಕೊಂಡು ಇಳಿದೇಬಿಟ್ಟ.

ಭಟರು ಹಿಡಿದದ್ದು ಸೊಗಸಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಇಳಿದ, ಇಳಿದ, ಇಳಿದ. ಹೊಗೆ ಹಾಕಿದ. ಜೇನುಹುಟ್ಟಿಗೆ ಕೈ ಚಾಚಬೇಕು, ಅಷ್ಟರಲ್ಲಿ ಮೇಲೆ ಕಹಳೆ ಊದಿದರು. ರಾಜ ಬಂದ! ಅರಮನೆಯ ಭಟರು ಹುಟ್ಟಿದಾಗಿಂದ ಕಲಿತದ್ದೇ ಒಂದು ಪಾಠ, ದೊರೆ ಕಂಡರೆ ಎರಡು ಕೈ ಎತ್ತಿ ಮುಗಿಯೋದು. ಎಲ್ಲರೂ ಒಟ್ಟಿಗೆ ಕೈ ಎತ್ತಿ ಮುಗಿದರಂತೆ. ಮುಗಿಯೋ ಕೈಯಲ್ಲಿ ಹಗ್ಗ ಹ್ಯಾಗೆ ನಿಲ್ಲುತ್ತೆ?

ಬೊಳ್ಳ ಸರ್ರನೆ ಕೆಳಕ್ಕೆ ಹೋದ. ಬಂಡೆ ಮೇಲಕ್ಕೆ ಓಡಿದ ಹಾಗಾಯ್ತು. ಮುದ್ದಿಯ ಮಾತು ಕೇಳಬೇಕಿತ್ತು ಅಂತ ಅವನಿಗೆ ಅನ್ನಿಸಿದ್ದು ಆಗ. ಅಷ್ಟರಲ್ಲಿ ಸೊಂಟ ಮುರಿಯೋ ಹಾಗೆ ಹಗ್ಗ ಜಗ್ಗಿ ನಿಂತಿತು. ಮೇಲಿಂದ ಬೈಗುಳ ಸುರಿಯಿತು: "ಏನ್ ಭಾವ, ತಲೇಲಿ ಮಿದುಳು ಐತೋ, ಮೇಣ ತುಂಬ್ಕೊಂಡೈತೋ?"

ಜೋಗನ ದನಿ! ಅಕ್ಕನ ಜೊತೆ ಓಡಿ ಬಂದವನು ಜಾರುತ್ತಿದ್ದ ಹಗ್ಗಕ್ಕೆ ಹಾರಿ ಬಿದ್ದಿದ್ದ. ಅಂಥ ಸಿಹಿ ಮಾತನ್ನು ಬೊಳ್ಳ ಹುಟ್ಟಿದಾಗಿಂದ ಕೇಳಿರಲಿಲ್ಲವಂತೆ.

ಮೇಲೆ ರಾಜನ ಜೊತೆ ಬಂದಿದ್ದ ದಳವಾಯಿ ಗುಡುಗಿದ. "ಯಾರೋ ನೀನು? ದೊರೆ ಎದುರಿಗೆ ನಿಂತಿದ್ದಾರೆ, ಕೈ ಮುಗಿಯೋ!"

"ಆಗಾಕಿಲ್ಲ ಬುದ್ಧಿ."

"ತಲೆ ಹೋಗುತ್ತೆ!"

"ಹೋಗೋದಾದ್ರೆ ನಂದು ಹೋಗ್ಲಿ. ಈ ಕೈನಾಗೆ ನಮ್ಮಕ್ಕನ ತಾಳಿ ಐತೆ. ಬಿಟ್ರೆ ಅದೇ ಹೋಯ್ತದೆ."

ಕೆಳಗೆ ನೇತಾಡುತ್ತಿದ್ದ ಬೊಳ್ಳನಿಗೆ ಎಲ್ಲ ಕೇಳಿಸ್ತಿತ್ತು. ಅವನ ಕಣ್ಣು ತುಂಬಿ ಬಂತು. ಹೊಗೆ ಅಂತ ಆಮೇಲೆ ಹೇಳಿಕೊಂಡನಂತೆ, ನಂಬಬೇಡಿ.

ರಾಜ ಬಂಡೆಯ ಅಂಚಿಗೆ ಬಂದು ಬಗ್ಗಿ ನೋಡಿದ. ಕೆಳಗೆ ಬೊಳ್ಳ ಬೆರಳಷ್ಟು ಕಂಡ. ತಿರುಗಿ ಜೋಗನ ಕೈ ನೋಡಿದ. ಅಂಗೈ ಸುಲಿದು ಹಗ್ಗಕ್ಕೆಲ್ಲ ರಕ್ತ ಮೆತ್ತಿತ್ತು. ರಾಜ ತಲೆಯ ಪೇಟ ತೆಗೆದು ಬಂಡೆ ಮೇಲಿಟ್ಟು, ಜೋಗನಿಗೆ ತಾನೇ ಕೈ ಮುಗಿದನಂತೆ.

ಜೋಗ ಆಗಲೂ ತಿರುಗಿ ಮುಗೀಲಿಲ್ಲ. ಭಾವ ಇನ್ನೂ ಮೇಲೆ ಬಂದಿರಲಿಲ್ಲವಲ್ಲ!

"ಬುದ್ಧಿ, ಮುಗಿದಿದ್ದು ಸಾಕು, ಬಂದು ಒಂದು ಕೈ ಹಾಕಿ" ಅಂದ. ದೊರೆ ಬಂದು ಹಗ್ಗ ಹಿಡಿದ. ಹಿಂದೆಯೇ ದಳವಾಯಿ, ಭಟರು, ಮುದ್ದಿ, ಎಲ್ಲ ಸೇರಿ ಎಳೆದು ಬೊಳ್ಳನನ್ನು ಮೇಲಕ್ಕೆ ಹಾಕಿದರು. ಮೇಲೆ ಬಂದವನೇ ಅವನು ಗುಡಿಸಲಿಂದ ಹಳೇ ಜೇನು ತರಿಸಿ ಭಾಮೈದನ ಅಂಗೈಗೆ ಸವರುತ್ತಾ ಕೂತನಂತೆ.

ಹಗ್ಗ ಹಿಡಿದ ಕೈ ದೊರೆಗೂ ಮುಗೀಬೇಕಾಗಿಲ್ಲ, ದೇವರಿಗೂ ಮುಗೀಬೇಕಾಗಿಲ್ಲ ಅಂತ ಅವತ್ತೇ ರಾಜ ಡಂಗುರ ಹೊಡೆಸಿದನಂತೆ. ಅವರು ಅಲ್ಲಿ ಜೇನು ನೆಕ್ಕುತ್ತಾ ಸುಖವಾಗಿದ್ದಾರೆ, ನಾವು ಇಲ್ಲಿ ಬರೀ ಬಾಯಿ ಚಪ್ಪರಿಸುತ್ತಾ ಕೂತಿದ್ದೇವೆ.