ದೊಡ್ಡಮನೆ ಮಾತು, ಕುಂಬಾರರ ಮನೆ ಸೊಸೆ

ಒಂದಾನೊಂದು ಕಾಲದಲ್ಲಿ, ಮಾತಿಗೂ ರೇಷ್ಮೆ ಉಡಿಸೋ ಒಂದು ದೊಡ್ಡಮನೆ ಇತ್ತಂತೆ, ಹೂಂ ಅನ್ನು ಕೂಸೇ. ಆ ಮನೆ ಮಗ, ಕುಂಬಾರರ ಹುಡುಗಿ ಮುದ್ದೀರೀನ ಹೊಳೆ ಹತ್ರ ನೋಡಿ, ಮದುವೆ ಅಂತ ಆದ್ರೆ ಇವಳನ್ನೇ ಅಂತ ಅನ್ನ ನೀರು ಬಿಟ್ಟು ಹಟ ಹಿಡಿದು ಮದುವೆಯಾದನಂತೆ. ಆಮೇಲೆ ಆ ಸೊಸೆಗೆ ಕುಂತರೂ ತಪ್ಪು, ನಿಂತರೂ ತಪ್ಪು. ಸಾರು ಸೊರ್ ಅಂತ ಕುಡಿಯೋ ಹಂಗಿಲ್ಲ, ಉಂಡೆ ಅನ್ನೋ ಹಂಗಿಲ್ಲ, ಆರೋಗಣೆ ಆಯ್ತು ಅನ್ನಬೇಕಂತೆ.

ಒಂದು ದಿನ ಅತ್ತೆ ದೇವಾಜಮ್ಮಣ್ಣಿ, ಅಕ್ಕಿ ಹೆಚ್ಚಿದೆ, ಅಂಗಡಿ ಶೆಟ್ಟರಿಗೆ ಹೇಳಿಕಳಿಸು ಅಂದರಂತೆ. ಇವಳು, ನಮ್ಮಲ್ಲಿ ಬೇಕಾದಷ್ಟು ಬಿದ್ದೈತೆ, ಕಳಿಸಬ್ಯಾಡಿ ಅಂತ ಹೇಳಿಕಳಿಸಿದಳಂತೆ. ಮಾರನೇ ದಿನ ನೆಂಟರು ಎಲೆ ಮುಂದೆ ಕೂತರೆ ಬಡಿಸೋಕೆ ಒಂದು ಅಗುಳಿಲ್ಲ! ದೊಡ್ಡೋರ ಮನೇಲಿ ಮುಗಿದಿದ್ದಕ್ಕೆ ಹೆಚ್ಚಿತು ಅಂತಾರೆ, ಅದು ಅವಳಿಗೇನು ಗೊತ್ತು.

ಆಮೇಲೆ ಇನ್ನೊಂದು ದಿನ, ದೀಪ ದೊಡ್ಡದು ಮಾಡು ಅಂದರಂತೆ. ಇವಳು ಎಣ್ಣೆ ಸುರಿದು, ಬತ್ತಿ ಮೇಲೆ ಬತ್ತಿ ಹಚ್ಚಿ, ಗೋಡೆಯೆಲ್ಲ ಮಸಿ ಮಾಡಿದಳಂತೆ. ಆರಿಸು ಅಂದ್ರೆ ಅಪಶಕುನ ಅಂತ ಹಂಗನ್ನೋದಂತೆ. ಹೆಚ್ಚಿತು ಅಂದ್ರೆ ಇಲ್ಲ, ದೊಡ್ಡದು ಅಂದ್ರೆ ಆರಿದ್ದು, ಹಂಗಾದ್ರೆ ನಾನು ಈ ಮನೇಲಿ ಇದೀನೋ ಇಲ್ವೋ ಅಂತ ಗಂಡನ್ನ ಕೇಳಿದಳಂತೆ ಪಾಪ. ಅವನಿಗೂ ತಲೆ ಗಿರ್ ಅಂತಂತೆ.

ಮೂರನೇ ಸಲ, ಮಾವನೋರು ಪವಡಿಸಿದ್ದಾರೆ, ಬಂದೋರಿಗೆ ತಿಳಿಸು ಅಂದರಂತೆ. ಮಲಗಿದ್ದಾರೆ ಅಂತ ಅದರರ್ಥ. ಇವಳು ಬಾಗಿಲಲ್ಲಿ ನಿಂತು, ನಮ್ಮಾವ ಪವಾಡ ಮಾಡವ್ರೆ ಅಂದುಬಿಟ್ಟಳಂತೆ. ಊರಿಗೂರೇ ತೆಂಗಿನಕಾಯಿ ಹಿಡಕೊಂಡು ಬಂದು, ಗೊರಕೆ ಹೊಡೀತಿದ್ದ ಮಾವನ ಕಾಲಿಗೆ ಬಿತ್ತಂತೆ!

ಆಮೇಲೆ ಅತ್ತೆ, ಸಾಕು, ಇವಳನ್ನ ತವರಿಗೆ ಬಿಟ್ಟುಬನ್ನಿ ಅಂತ ಗಾಡಿ ಕಟ್ಟಿಸಿದರಂತೆ. ಗಂಡ ಎಷ್ಟು ಬೇಡಿಕೊಂಡರೂ ಕೇಳಲಿಲ್ಲವಂತೆ. ಮುದ್ದೀರಿ ಅಳ್ತಾ ಗಾಡಿ ಹತ್ತಿದಳಂತೆ. ಅಷ್ಟರಲ್ಲಿ ಅಂಗಳದ ಕಲ್ಲಿನ ಸಂದಿಯಿಂದ ಚೇಳೊಂದು ಬಂದು ಅತ್ತೆ ಕಾಲಿಗೆ ಕುಟುಕಿತಂತೆ. ಆ ಅಮ್ಮಣ್ಣಿ, ಅಯ್ಯೋ ಅವ್ವೋ, ಚೇಳು ಕಡೀತು, ಸತ್ನಲ್ಲೋ, ಬರ್ರವ್ವೋ! ಅಂತ ಬೀದಿಗೆ ಕೇಳೋ ಹಂಗೆ ಕೂಗಿದರಂತೆ. ಆಳುಗಳೆಲ್ಲ, ಇದ್ಯಾರ ದನಿ ಅಂತ ಮುಖ ಮುಖ ನೋಡಿಕೊಂಡು ನಿಂತುಬಿಟ್ಟರಂತೆ.

ಮುದ್ದೀರಿ ಗಾಡಿಯಿಂದ ಧುಮುಕಿ, ಈರುಳ್ಳಿ ಜಜ್ಜಿ ತಿಕ್ಕಿ, ಅತ್ತೆ ಕಾಲನ್ನ ತೊಡೆ ಮೇಲೆ ಇಟ್ಕೊಂಡು ಕೂತಳಂತೆ. ಉರಿ ಇಳಿದ ಮೇಲೆ ಮೆಲ್ಲಗೆ, ಅತ್ತೆವ್ವಾ, ಇದು ನಮ್ಮ ಕಡೆ ಮಾತಲ್ವಾ ಅಂದಳಂತೆ. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, ನಮ್ಮಪ್ಪ ಉಪ್ಪಾರ ಕಣೇ, ಉಪ್ಪು ಕಾಯಿಸ್ತಿದ್ದ. ಈ ಮನೆಗೆ ಸೊಸೆಯಾಗಿ ಬಂದಾಗ ನನಗೂ ಹಿಂಗೇ ಬೈದು ಬೈದು ನಾಲಿಗೆ ತಿದ್ದಿದ್ರು. ಈಗ ಯಾವುದು ನನ್ನ ಮಾತೋ ನಂಗೇ ತಿಳೀದು ಅಂದರಂತೆ.

ಆಮೇಲೆ ಗಾಡಿ ಬಿಚ್ಚಿಸಿ, ಸೊಸೆ ಕೈ ಹಿಡಿದು ಒಳಗೆ ಕರಕೊಂಡು ಹೋದರಂತೆ. ಅತ್ತೆ ಸೊಸೆ ಒಂದೇ ಮಣೆ ಮೇಲೆ ಕೂತು, ಮುದ್ದೆ ಮುರಿದು ಸಾರಿಗೆ ಅದ್ದಿ, ಸೊರ್ ಅಂತ ಉಂಡರಂತೆ. ಅಲ್ಲಿಗೆ ಕತೆ ಮುಗೀತು, ಬಾಯಿ ತೆರಕೊಂಡು ನೋಡಬೇಡ, ಮಗ್ಗುಲಾಗು ಕೂಸೇ.